ಬೇರೆ ಔಷಧಿ: ಇಲ್ಲ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ತಮ್ಮನ ಕಿಡ್ನಿ ಹಾಳುಮಾಡಿದ ಮನುಷ್ಯ ಅಂಗಿಯ ತೋಳು ಮಡಿಸಿಕೊಂಡು ಬಂದು ಪ್ರಯೋಗಾಲಯದಲ್ಲಿ ರಕ್ತ ತೆಗೆಯುವ ಅಕ್ಕನ ಎದುರಿನ ಕುರ್ಚಿಯಲ್ಲಿ ಕೂತ.

ಅವಳಿಗೆ ಗುರುತು ಸಿಕ್ಕಿತು. ಅವನಿಗೆ ಸಿಗಲಿಲ್ಲ, ಸಿಗುವ ಹಾಗೂ ಇರಲಿಲ್ಲ. ಅವಳ ಮುಖದ ಅರ್ಧ ಮಾಸ್ಕಿನ ಹಿಂದಿತ್ತು, ಉಳಿದರ್ಧವನ್ನು ಅವನು ಎಂದೂ ನೋಡಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಹಾಸಿಗೆ ಕಾರ್ಖಾನೆಯಲ್ಲಿ ವಿಚಾರಣೆ ನಡೆದ ದಿನ ಅವಳು ಹೊರಗಿನ ಬೆಂಚಿನ ಮೇಲೆ ಕೂತು, ಬಾಗಿಲಿನ ಗಾಜಿನೊಳಗಿಂದ ಇವನನ್ನು ಮುಕ್ಕಾಲು ಗಂಟೆ ದಿಟ್ಟಿಸಿದ್ದಳು. ಇವನು ಒಂದು ಸಲವೂ ಈ ಕಡೆ ತಿರುಗಿರಲಿಲ್ಲ.

"ನನ್ನ ನರ ಅಷ್ಟು ಸುಲಭಕ್ಕೆ ಸಿಗಲ್ಲ, ಹುಷಾರು," ಅಂದ. "ಹೋದ ಸಲ ಬೇರೆ ಕಡೆ ಹೋಗಿದ್ದೆ. ಕೈಯನ್ನ ಜರಡಿ ಮಾಡಿ ಕಳಿಸಿದ್ರು."

"ಮುಷ್ಟಿ ಬಿಗಿ ಹಿಡೀರಿ," ಅಂದಳು.

ಒಂದೇ ಚುಚ್ಚಿಗೆ ಸಿಕ್ಕಿತು. ಅವಳ ಕೈಯಿಂದ ತಪ್ಪುವುದು ವರ್ಷಕ್ಕೆ ಒಂದೋ ಎರಡೋ. ಆ ಪ್ರಯೋಗಾಲಯದಲ್ಲಿ ಅವಳಿಗೆ ಹದಿನಾರು ವರ್ಷದ ಅನುಭವ, ಮತ್ತು ಒಂದು ಅಡ್ಡಹೆಸರು: ಪಾಯಿಂಟಕ್ಕ. ಉಳಿದವರು ಎರಡು ಅಂತ ಬಿಡುವ ಕಡೆ ಇವಳು ಒಂದು ಪಾಯಿಂಟ್ ಒಂಬತ್ತು ಅಂತ ಬರೆಯದೆ ಬಿಡುವವಳಲ್ಲ. ದಶಾಂಶ ಬಿಟ್ಟವರ ಮೇಲೆ ಅರ್ಧ ದಿನ ಮುಖ ಊದಿಸಿಕೊಂಡಿರುತ್ತಿದ್ದಳು.

ಕಪ್ಪುಗೆಂಪು ರಕ್ತ ಕೊಳವೆಯೊಳಗೆ ಏರುವುದನ್ನು ಅವಳು ನೋಡುತ್ತಿದ್ದಳು. ಸೂಜಿ ಅವನ ತೋಳಿನಲ್ಲಿತ್ತು, ಅದರ ಇನ್ನೊಂದು ತುದಿ ಅವಳ ಬೆರಳುಗಳ ನಡುವೆ. ಒಂದು ಸಲ ತಿರುಚಿದರೆ ಹೇಗೆ ಅನ್ನಿಸಿತು. ಕೈ ಮಾತ್ರ ಅಲುಗಲಿಲ್ಲ. ಕೈಗೆ ಅದರದೇ ಶಿಸ್ತು, ಮನಸ್ಸು ಹೇಳಿದ್ದನ್ನೆಲ್ಲ ಅದು ಕೇಳುತ್ತಿರಲಿಲ್ಲ.

ಕಿಡ್ನಿ ಅವಳದೇ. ಅದನ್ನು ಹೇಳದೆ ಈ ದ್ವೇಷದ ಆಳ ತಿಳಿಯುವುದಿಲ್ಲ. ಆರು ವರ್ಷದ ಹಿಂದೆ ತನ್ನ ಎಡಗಡೆಯದನ್ನು ತಮ್ಮನಿಗೆ ಕೊಟ್ಟಿದ್ದಳು. "ಚಿಕ್ಕವನಿದ್ದಾಗ ನಿನ್ನ ಪೆನ್ಸಿಲ್ ಮುಟ್ಟಿದ್ರೆ ಹೊಡೀತಿದ್ದೆಯಲ್ಲೇ, ಈಗೇನು ಇಷ್ಟು ದೊಡ್ಡ ಮನಸ್ಸು?" ಅಂತ ತಮ್ಮ ಆಪರೇಷನ್ ಕೊಠಡಿಯ ಬಾಗಿಲಲ್ಲೂ ರೇಗಿಸಿದ್ದ. ಆಮೇಲೆ ನಾಲ್ಕು ವರ್ಷ ಅದು ಅವನ ಹೊಟ್ಟೆಯೊಳಗೆ ಗಡಿಯಾರದ ಹಾಗೆ ನಡೆಯಿತು. ಪರರ ಅಂಗವನ್ನು ದೇಹ ಶತ್ರುವೆಂದು ಎಣಿಸಿ ಮೇಲೆ ಬೀಳದಂತೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಯನ್ನು ತಮ್ಮ ಹನ್ನೆರಡು ಗಂಟೆಗೊಮ್ಮೆ ತಪ್ಪದೆ ನುಂಗುತ್ತಿದ್ದ. ಆಸ್ಪತ್ರೆಯವರು ಇನ್ನೊಂದು ಮಾತನ್ನೂ ಒತ್ತಿ ಹೇಳಿ ಕಳಿಸಿದ್ದರು: ನೋವು ಬಂದರೆ ಜ್ವರದ ಸಾದಾ ಮಾತ್ರೆ ಒಂದೇ, ಬೇರೆ ಯಾವ ನೋವಿನ ಮಾತ್ರೆಯನ್ನೂ ಕೇಳದೆ ಮುಟ್ಟಬಾರದು.

ಆ ಹಾಸಿಗೆ ಕಾರ್ಖಾನೆಯ ಕೆಲಸದಲ್ಲಿ ಸ್ಪಂಜಿನ ಸುರುಳಿ ಹೊತ್ತು ತಮ್ಮನ ಬೆನ್ನು ಹಿಡಿಯಿತು. ಪ್ರಥಮ ಚಿಕಿತ್ಸೆಯ ಕಪಾಟು ಸ್ಟೋರ್‌ಕೀಪರನ ಕೈಯಲ್ಲಿತ್ತು. ಈಗ ಎದುರಿಗೆ ಕೂತವನು ಅವನೇ. ಎರಡು ದಿನದ ತರಬೇತಿಯ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಿಕೊಂಡಿದ್ದ. ಕೆಲಸಗಾರರು ಅವನನ್ನು ಜಾಡಿ ಡಾಕ್ಟ್ರು ಅನ್ನುತ್ತಿದ್ದರು. ಹಿಂದೆ ಜನ ಮಾತ್ರೆಯ ಪಟ್ಟಿಗಳನ್ನೇ ಜೇಬಿಗಿಳಿಸಿ ಮನೆಗೆ ಒಯ್ಯುತ್ತಾರೆಂದು ಮ್ಯಾನೇಜರು ಗದರಿದ್ದನಂತೆ. ಅಂದಿನಿಂದ ಇವನು ಎಲ್ಲ ಮಾತ್ರೆಗಳನ್ನೂ ಪಟ್ಟಿಯಿಂದ ಬಿಡಿಸಿ ಮೂರು ಗಾಜಿನ ಜಾಡಿಗಳಿಗೆ ತುಂಬಿಟ್ಟಿದ್ದ. ಬಿಳಿ ಜ್ವರಕ್ಕೆ, ಹಳದಿ ಹೊಟ್ಟೆಗೆ, ಗುಲಾಬಿ ಮೈಕೈ ನೋವಿಗೆ. ಹೆಸರಿನ ಚೀಟಿ ಯಾವುದರ ಮೇಲೂ ಇರಲಿಲ್ಲ. ಯಾರಿಗೆ ಎಷ್ಟು ಕೊಟ್ಟೆ ಅಂತ ಬರೆದಿಡುವ ಪದ್ಧತಿಯೂ ಇರಲಿಲ್ಲ.

"ಇದು ಜ್ವರದ ಮಾತ್ರೆ ತಾನೇ?" ಅಂತ ತಮ್ಮ ಕೇಳಿದ್ದ.

"ಅದರ ಅಣ್ಣ," ಅಂದಿದ್ದ ಜಾಡಿ ಡಾಕ್ಟ್ರು. "ಒಂದೇ ಮನೆಯವರು. ಇವನು ಸ್ವಲ್ಪ ಗಟ್ಟಿಗ. ತಗೋ."

ಒಂದೇ ಮನೆಯವರು ಅಂದದ್ದನ್ನು ತಮ್ಮ ನಂಬಿದ. ದಿನಕ್ಕೆ ಎರಡು ಗುಲಾಬಿ, ಇಪ್ಪತ್ತಮೂರು ದಿನ. ಕಿಡ್ನಿಯ ಸೋಸುವ ಜಾಲರಿಗೆ ರಕ್ತ ಹೊತ್ತು ತರುವ ಸಣ್ಣ ನಾಳವನ್ನು ಆ ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಮೊದಲೇ ಸ್ವಲ್ಪ ಕಿರಿದು ಮಾಡಿರುತ್ತದೆ. ನೋವಿನ ಮಾತ್ರೆ ಬಂದು ಅದನ್ನು ಇನ್ನಷ್ಟು ಹಿಂಡುತ್ತದೆ. ಒಂದೊಂದೇ ಆದರೆ ತಡೆದುಕೊಳ್ಳಬಹುದಿತ್ತೇನೋ. ಎರಡೂ ಸೇರಿ ಅಕ್ಕನ ಕಿಡ್ನಿಯನ್ನು ಒಣಗಿಸಿದವು. "ಇದೊಂದೇ ಕಾರಣ ಅಂತ ಬರೆದುಕೊಡೋಕೆ ಆಗಲ್ಲ. ಆದ್ರೆ ಅಂಚಿನಲ್ಲಿದ್ದದ್ದನ್ನ ತಳ್ಳಿದ್ದು ಇದೇ," ಅಂದರು ವೈದ್ಯರು. ಎಂಟು ತಿಂಗಳು ಹೆಣಗಾಡಿದ ಮೇಲೆ ತಮ್ಮ ಡಯಾಲಿಸಿಸ್ ಕುರ್ಚಿಗೆ ಬಂದ. ವಿಚಾರಣೆಯಲ್ಲಿ ಜಾಡಿ ಡಾಕ್ಟ್ರು ಒಂದೇ ಒಂದು ವಾಕ್ಯ ಬರೆದುಕೊಟ್ಟ: "ಸದರಿ ನೌಕರನಿಗೆ ನಾನು ಯಾವ ಮಾತ್ರೆಯನ್ನೂ ಕೊಟ್ಟಿಲ್ಲ." ಕೊಟ್ಟದ್ದಕ್ಕೆ ಕಾಗದವಿಲ್ಲ, ಕಂಡವರು ಬಾಯಿ ಬಿಡಲಿಲ್ಲ. ಕಡತ ಮುಚ್ಚಿತು.

ಕೆಲಸಕ್ಕೆ ಸೇರುವಾಗ ಆಪರೇಷನ್ನಿನ ವಿಷಯ ಅರ್ಜಿಯಲ್ಲಿ ಬರೆಯಬೇಡ, ತೆಗೆದುಕೊಳ್ಳಲಿಕ್ಕಿಲ್ಲ ಅಂತ ತಮ್ಮನಿಗೆ ಹೇಳಿಕೊಟ್ಟವಳು ಅಕ್ಕನೇ. ಅದು ಅವಳಿಗೆ ಮರೆತಿರಲಿಲ್ಲ. ಆದರೆ ಅದನ್ನು ಎತ್ತಿಕೊಂಡರೆ ಈ ಮನುಷ್ಯನ ಮೇಲಿನ ಭಾರ ಒಂದಿಷ್ಟು ಕಡಿಮೆಯಾಗುತ್ತದೆಂದು ಎತ್ತಿಕೊಳ್ಳುತ್ತಿರಲಿಲ್ಲ.

ಕೊಳವೆ ತುಂಬಿತು. ಸೂಜಿ ತೆಗೆದು ಹತ್ತಿ ಒತ್ತಿದಳು. ಇನ್ನು ರಕ್ತಪರೀಕ್ಷೆಯ ಅರ್ಜಿ ತುಂಬಬೇಕು. ಪ್ರಯೋಗಾಲಯದ ಒಡತಿ, ಎಲ್ಲರೂ ದೊಡ್ಡ ಮೇಡಂ ಅನ್ನುವ ವೈದ್ಯೆ, ಒಂದು ಕಟ್ಟುನಿಟ್ಟು ಮಾಡಿದ್ದರು: ರಕ್ತ ತೆಗೆಯುವವರೇ ರೋಗಿಯನ್ನು ಬಾಯಿಬಿಡಿಸಿ ಕೇಳಬೇಕು, ಅವರು ಹೇಳಿದ ಮಾತಿನಲ್ಲೇ ಬರೆಯಬೇಕು. ಅಂಕಿ ಅರ್ಧ ಸತ್ಯ, ಉಳಿದರ್ಧ ಔಷಧಿಯ ಕಾಲಮ್ಮಿನಲ್ಲಿದೆ ಅನ್ನುತ್ತಿದ್ದರು.

"ಔಷಧಿ ಏನು ತಗೋತಿದೀರಿ?"

"ಕೀಲುವಾತಕ್ಕೆ. ವಾರಕ್ಕೆ ಒಂದೇ ದಿನ ನುಂಗೋದು, ಹೆಸರು ನಾಲಿಗೆಗೆ ಹೊರಳಲ್ಲ. ನೋಡಿ, ಬರ್ಕೊಟ್ಟಿದಾರೆ."

ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಎಂದಿತ್ತು. ಅಕ್ಕನ ಕಣ್ಣು ಆ ಹೆಸರಿನ ಮೇಲೆ ನಿಂತಿತು. ಇದೂ ನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದೇ. ತಮ್ಮನದಲ್ಲ, ಬೇರೆ ಜಾತಿಯದು. ಕೀಲುಗಳ ಮೇಲೆ ದೇಹವೇ ದಾಳಿ ಮಾಡುವುದನ್ನು ಇದು ತಡೆಯುತ್ತದೆ.

"ಬೇರೆ ಏನಾದ್ರೂ? ನೋವಿಗೆ?"

"ನೋವಿಗೆ ಎರಡು ಗುಳಿಗೆ ಹಾಕ್ಕೋತೀನಿ. ಅದೇನು ಔಷಧೀನಾ ಬಿಡಿ. ನಮ್ಮ ಸ್ಟೋರಿನ ಜಾಡೀಲಿರೋದು, ಗುಲಾಬಿ ಬಣ್ಣದ್ದು. ಇಡೀ ಕಾರ್ಖಾನೆ ತಿನ್ನುತ್ತೆ. ಒಬ್ಬರಿಗೂ ಏನೂ ಆಗಿಲ್ಲ."

ಅವಳ ಕೈಯಲ್ಲಿ ಪೆನ್ನು ಇತ್ತು. ಒಬ್ಬರಿಗೂ ಏನೂ ಆಗಿಲ್ಲ ಅನ್ನುವ ಮಾತು ಕಿವಿಯಲ್ಲಿ ಕಾದ ಎಣ್ಣೆಯ ಹಾಗೆ ಇಳಿಯಿತು.

'ಬೇರೆ ಔಷಧಿ' ಎಂಬ ಕಾಲಮ್ಮಿನ ಮುಂದೆ ಅವಳು ದುಂಡಾದ ಅಕ್ಷರದಲ್ಲಿ ಬರೆದಳು: ಇಲ್ಲ.

ಹದಿನಾರು ವರ್ಷದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು. ಬರೆದ ಮೇಲೆ ಎರಡು ವರ್ಷದಿಂದ ಬಿಗಿದಿದ್ದ ದವಡೆ ಸಡಿಲವಾದದ್ದು ಅವಳ ಗಮನಕ್ಕೆ ಬಂತು.

ಒಳಕೋಣೆಯಲ್ಲಿ ಯಂತ್ರಗಳು ಗುಂಯ್‌ಗುಟ್ಟುತ್ತಿದ್ದವು. ಹತ್ತೂವರೆಗೆ ಅವನ ಅಂಕಿಗಳು ಬಂದವು. ಬಿಳಿ ರಕ್ತಕಣ ಮೂರು ಸಾವಿರದ ನಾನೂರು, ಕಿಡ್ನಿಯ ಬಳಲಿಕೆ ತೋರಿಸುವ ಕ್ರಿಯಾಟಿನೈನ್ ಒಂದು ಪಾಯಿಂಟ್ ಐದು. ಒಂದು ಕೆಳಗೆ, ಒಂದು ಮೇಲೆ ಅಂಚು ದಾಟಿದ್ದವು, ಆದರೆ ಸ್ವಲ್ಪವೇ. ಅವಳಿಗೆ ಚಿತ್ರ ಸ್ಪಷ್ಟವಾಯಿತು. ಮೆಥೊಟ್ರೆಕ್ಸೇಟ್ ದೇಹದಿಂದ ಹೊರಬೀಳುವುದು ಕಿಡ್ನಿಯ ದಾರಿಯಲ್ಲಿ. ಕಿಡ್ನಿ ಗಟ್ಟಿ ಇದ್ದವರಿಗೆ ವೈದ್ಯರೇ ಒಂದು ಕಣ್ಣಿಟ್ಟು ನೋವಿನ ಮಾತ್ರೆಯನ್ನೂ ಜೊತೆಗೆ ಕೊಡುವುದುಂಟು. ಆದರೆ ಕಿಡ್ನಿ ಬಳಲುತ್ತಿರುವವನು ವೈದ್ಯರಿಗೆ ಹೇಳದೆ ದಿನವೂ ನುಂಗಿದರೆ ಆ ದಾರಿ ಕಟ್ಟಿಕೊಳ್ಳುತ್ತದೆ. ಹೊರಗೆ ಹೋಗಬೇಕಾದ ಮದ್ದು ರಕ್ತದಲ್ಲೇ ಠಿಕಾಣಿ ಹೂಡಿ, ಮೂಳೆಯೊಳಗೆ ಹೊಸ ರಕ್ತಕಣ ಹುಟ್ಟುವುದನ್ನೇ ತಡೆಯುತ್ತದೆ.

ಬಿಳಿ ಕಣ ಎರಡು ಸಾವಿರಕ್ಕಿಂತ ಇಳಿದರೆ ವೈದ್ಯರಿಗೆ ಆ ಕ್ಷಣವೇ ಫೋನ್ ಮಾಡಬೇಕೆಂಬುದು ಪ್ರಯೋಗಾಲಯದ ನಿಯಮ. ಅದಕ್ಕಿಂತ ಮೇಲಿದ್ದರೆ ವರದಿ ಸುಮ್ಮನೆ ರೋಗಿಯ ಫೋನಿಗೆ ಹೋಗುತ್ತದೆ. ಮೂರು ಸಾವಿರದ ನಾನೂರಕ್ಕೆ ಯಾರೂ ಯಾರಿಗೂ ಫೋನ್ ಮಾಡಬೇಕಿಲ್ಲ. ಕಾಲಮ್ಮಿನಲ್ಲಿ ಗುಲಾಬಿ ಮಾತ್ರೆ ಇದ್ದಿದ್ದರೆ ದೊಡ್ಡ ಮೇಡಂ ಸಹಿ ಹಾಕುವಾಗ ಹುಬ್ಬೇರಿಸುತ್ತಿದ್ದರು. 'ಇಲ್ಲ' ನೋಡಿ, ಔಷಧಿಯ ಸಣ್ಣ ಪರಿಣಾಮ ಇರಬೇಕೆಂದು ಸಹಿ ಹಾಕಿದರು.

ಅಕ್ಕ ಸುಮ್ಮನಿರುವುದಷ್ಟೇ ಉಳಿದಿತ್ತು. ಅವನು ಸಾಯಲಿ ಅಂತ ಅವಳು ಬಯಸಲಿಲ್ಲ. ಸತ್ತವನಿಗೆ ಏನು ತಿಳಿಯುತ್ತದೆ? ಅವನು ಕೂರಬೇಕು. ವಾರಕ್ಕೆ ಮೂರು ದಿನ, ಒಂದೊಂದು ದಿನ ನಾಲ್ಕು ಗಂಟೆ, ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ತಮ್ಮನ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಬಾಯಾರಿದಾಗ ಅಳತೆ ಮಾಡಿ ನೀರು ಕುಡಿಯಬೇಕು. ಆ ಚಿತ್ರವನ್ನು ಅವಳು ಎರಡು ವಾರ ಊಟಕ್ಕೆ ಕೂತಾಗ, ಬಸ್ಸಿಗೆ ನಿಂತಾಗ, ಬಟ್ಟೆ ಮಡಿಸುವಾಗ ಹೊರತೆಗೆದು ನೋಡಿಕೊಂಡಳು.

ಇಪ್ಪತ್ತೈದನೇ ತಾರೀಖು ಅವನು ಮತ್ತೆ ಬಂದ. ಕೆನ್ನೆ ಒಳಗಿಳಿದಿತ್ತು. ತುಟಿಯ ಮೂಲೆಯಲ್ಲಿ ಹುಣ್ಣು.

"ಬಾಯೆಲ್ಲ ಹುಣ್ಣು, ಮೇಡಂ. ಹೆಂಡ್ತಿ ಸಂತೋಷವಾಗಿದಾಳೆ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ನಾನು ಬಾಯಿ ಮುಚ್ಚಿರೋದು ಅಂತೆ."

ಅವನ ನಗುವಿಗೆ ಅವಳು ನಗಲಿಲ್ಲ. ಬಾಯಿಹುಣ್ಣು ಅಂದರೆ ಮದ್ದು ಮೈಯಲ್ಲಿ ಉಳಿದು ಕೂತಿದೆ ಎಂದು ಅವಳಿಗೆ ಗೊತ್ತಿತ್ತು.

"ನೋವಿನ ಗುಳಿಗೆ?"

"ಈಗ ಮೂರು ಮಾಡ್ಕೊಂಡಿದೀನಿ. ಬಾಯಿಗೂ ಆಯ್ತು, ಕೀಲಿಗೂ ಆಯ್ತು."

ಅವಳು ಮತ್ತೆ ಬರೆದಳು: ಇಲ್ಲ.

ಬಿಳಿ ಕಣ ಎರಡು ಸಾವಿರದ ಇನ್ನೂರು. ಕ್ರಿಯಾಟಿನೈನ್ ಒಂದು ಪಾಯಿಂಟ್ ಒಂಬತ್ತು. ನಿಯಮದ ಗೆರೆಗೆ ಇನ್ನೂ ಇನ್ನೂರು ಕಣಗಳ ಅಂತರವಿತ್ತು. ದೊಡ್ಡ ಮೇಡಂ ಆ ದಿನ ರಜೆ. ಅವರ ಬದಲಿಗೆ ಬಂದವರು ಕಂತೆಗಟ್ಟಲೆ ವರದಿಗಳಿಗೆ ಕತ್ತೆತ್ತದೆ ಸಹಿ ಗೀಚಿದರು.

ಮಧ್ಯಾಹ್ನ ಅವಳು ನೇರವಾಗಿ ಡಯಾಲಿಸಿಸ್ ಘಟಕಕ್ಕೆ ಹೋದಳು. ಉದ್ದನೆಯ ಕೋಣೆ, ಒಂಬತ್ತು ಕುರ್ಚಿ, ಒಂಬತ್ತು ಯಂತ್ರ. ತಮ್ಮ ಮೂರನೆಯದರಲ್ಲಿ ಕಾಲು ಚಾಚಿ ಮಲಗಿದ್ದ. ಮೂವತ್ತಾರು ವರ್ಷದವನಿಗೆ ಐವತ್ತರ ಬಣ್ಣ ಬಂದಿತ್ತು. ಅವಳು ಸ್ಟೂಲು ಎಳೆದುಕೊಂಡು, ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಅಂಕಿಗಳನ್ನು ಪಾಯಿಂಟು ಸಮೇತ ಹೇಳಿದಳು.

ಥೂ, ಏನು ಮಾಡಿದೆ ಅಂತ ತಮ್ಮ ಬೈಯಬಹುದು ಎಂದುಕೊಂಡಿದ್ದಳು. ಅದಕ್ಕೆ ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದಳು. ತಮ್ಮ ಬೈಯಲಿಲ್ಲ. ಅವನ ಮುಖದಲ್ಲಿ ನಿಧಾನಕ್ಕೆ ರಕ್ತ ಏರಿತು.

"ಕಿಟಕಿ ಪಕ್ಕದ ಕುರ್ಚಿ ನೋಡು. ಹೋದ ವಾರದಿಂದ ಖಾಲಿ," ಅಂದ. "ಅಲ್ಲೇ ಕೂರಿಸೋಣ. ಒಳ್ಳೇ ಗಾಳಿ ಬರುತ್ತೆ, ಪಾಪ."

"ತಮಾಷೆ ಬೇಡ."

"ತಮಾಷೆ ಯಾರು ಮಾಡಿದ್ರು? ನನ್ನ ಬದುಕಲ್ಲಿ ಇಷ್ಟು ಒಳ್ಳೇ ಸುದ್ದಿ ಎರಡು ವರ್ಷದಿಂದ ಬಂದಿಲ್ಲ ಕಣೇ." ಆಮೇಲೆ ಸ್ವಲ್ಪ ಹೊತ್ತು ಕೊಳವೆಯಲ್ಲಿ ಓಡುವ ತನ್ನ ರಕ್ತವನ್ನೇ ನೋಡಿದ. "ಒಂದು ಹೇಳು. ಅವನಿಗೆ ಗೊತ್ತಾಗುತ್ತಾ?"

"ಏನು?"

"ಯಾಕೆ ಹೀಗಾಯ್ತು ಅಂತ. ನಾಳೆ ಅವನು ಬಿದ್ದ ಅನ್ಕೋ. ಆಸ್ಪತ್ರೆಗೆ ಹೋದ, ಹೋಗೇಬಿಟ್ಟ. ಔಷಧಿ ಒಗ್ಗಲಿಲ್ಲ ಅಂತಾರೆ. ಒಳ್ಳೇ ಮನುಷ್ಯ, ಎಲ್ರಿಗೂ ಮಾತ್ರೆ ಕೊಡ್ತಿದ್ದ ಅಂತ ಗೇಟಿನಲ್ಲಿ ಫೋಟೋ ಇಟ್ಟು ನಮಸ್ಕಾರ ಮಾಡ್ತಾರೆ. ನಾನು? ನಾನು ಸುಳ್ಳು ಹೇಳ್ದವನಾಗೇ ಉಳೀತೀನಿ." ತಮ್ಮ ಸೂಜಿಯಿಲ್ಲದ ಕೈಯಿಂದ ಹೊದಿಕೆ ಎಳೆದುಕೊಂಡ. "ಕೊಟ್ಟಿಲ್ಲ ಅಂದನಲ್ಲಕ್ಕ, ನನ್ನ ಮುಖ ನೋಡ್ಕೊಂಡೇ. ಅವನ ರಕ್ತ ನಂಗ್ಯಾಕೆ? ನಂಗೆ ಅವನ ಕೈಬರಹ ಬೇಕು. ಕೊಟ್ಟೆ ಅಂತ."

ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ನಾಚಿಕೆಯಾಯಿತು. ಸುಳ್ಳು ಬರೆದದ್ದಕ್ಕಲ್ಲ. ಸೇಡಿನಲ್ಲೂ ತಾನು ಅಂದಾಜು ಹೊಡೆದೆನಲ್ಲ, ಕರಾರುವಾಕ್ಕಾಗಿ ಯೋಚಿಸಲಿಲ್ಲವಲ್ಲ ಎಂದು.

ಮರುದಿನ ಅವಳು ಅವನಿಗೆ ಫೋನ್ ಮಾಡಿದಳು. "ನಿನ್ನೆಯ ಮಾದರಿ ಹೆಪ್ಪುಗಟ್ಟಿತ್ತು, ಫೋನಿಗೆ ಬಂದ ವರದಿ ಲೆಕ್ಕಕ್ಕಿಲ್ಲ. ಇನ್ನೊಮ್ಮೆ ರಕ್ತ ಬೇಕು. ನಾಳೆ ಬೆಳಿಗ್ಗೆ ಬನ್ನಿ." ಅದು ಮೂರನೆಯ ಸುಳ್ಳು.

ಇಪ್ಪತ್ತೇಳು, ಗುರುವಾರ. ಎಂಟು ಗಂಟೆ ಹತ್ತು ನಿಮಿಷಕ್ಕೆ ರಕ್ತ ತೆಗೆದು, ಕೂತಿರಿ ಅಂತ ಹೇಳಿ, ಕೊಳವೆಯನ್ನು ತಾನೇ ಯಂತ್ರಕ್ಕೆ ಕೊಟ್ಟಳು. ಎರಡು ನಿಮಿಷ. ಬಿಳಿ ಕಣ ಒಂದು ಸಾವಿರದ ಏಳುನೂರು.

ಗೆರೆ ದಾಟಿತ್ತು. ಅವಳು ಕೀಲುವಾತದ ವೈದ್ಯರ ನಂಬರು ಒತ್ತಿದಳು. ಅಂಕಿ ಹೇಳಿದಳು, ಗುಲಾಬಿ ಮಾತ್ರೆ ಹೇಳಿದಳು, ದಿನಕ್ಕೆ ಮೂರು ಅಂತ ಹೇಳಿದಳು. ವೈದ್ಯರು, "ಎರಡನ್ನೂ ಇವತ್ತೇ ನಿಲ್ಲಿಸಿ. ದಾಖಲಾಗಲೇಬೇಕು. ಪ್ರತಿಮದ್ದು ಶುರು ಮಾಡ್ತೀವಿ. ಒಂಬತ್ತು ಗಂಟೆಗೆ ಗಾಡಿ ಕಳಿಸ್ತೀನಿ, ಅಲ್ಲೇ ಕೂರಿಸಿಕೊಂಡಿರಿ," ಅಂದರು.

ಗೋಡೆಯ ಗಡಿಯಾರದಲ್ಲಿ ಎಂಟು ಇಪ್ಪತ್ತೊಂದು. ಮೂವತ್ತೊಂಬತ್ತು ನಿಮಿಷ ಅವಳ ಕೈಯಲ್ಲಿತ್ತು.

ಅವಳು ಹೊರಗೆ ಬಂದು ಅವನ ಮುಂದೆ ಒಂದು ಬಿಳಿ ಹಾಳೆ, ಒಂದು ಪೆನ್ನು ಇಟ್ಟಳು.

"ನಿಮ್ಮ ರಕ್ತ ಚೆನ್ನಾಗಿಲ್ಲ. ಬಹಳ ಕೆಟ್ಟಿದೆ. ಯಾಕೆ ಅಂತ ನಂಗೆ ಗೊತ್ತು. ನೀವು ಎಲ್ಲಾ ಬರೆದುಕೊಟ್ಟ ಮೇಲೆ ಡಾಕ್ಟರಿಗೆ ಫೋನ್ ಮಾಡ್ತೀನಿ."

"ಮೊದ್ಲು ಫೋನ್ ಮಾಡಿ, ಆಮೇಲೆ ಬರೀತೀನಿ."

"ಮೊದ್ಲು ಬರೀರಿ."

ಅವನು ಅವಳ ಕಣ್ಣು ನೋಡಿದ. ಅಲ್ಲಿ ಚೌಕಾಸಿಗೆ ಜಾಗ ಕಾಣಲಿಲ್ಲವೇನೋ, ಪೆನ್ನು ಎತ್ತಿಕೊಂಡ. ಊದಿದ ಬೆರಳುಗಳಲ್ಲಿ ಅದು ಎರಡು ಸಲ ಜಾರಿತು.

"ಏನು ಬರೀಬೇಕು?"

"ಗುಲಾಬಿ ಮಾತ್ರೆ. ಎಲ್ಲಿಂದ ಬಂತು, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಯಾರ್‍ಯಾರಿಗೆ ಕೊಟ್ರಿ. ಒಂದೂ ಬಿಡಬೇಡಿ. ಬಿಟ್ಟಿದ್ದು ನಿಮ್ಮ ಚಿಕಿತ್ಸೆಗೇ ತೊಂದರೆ."

ಅವನು ಬರೆದ. ಸ್ಟೋರಿನವನ ಅಚ್ಚುಕಟ್ಟಾದ ಅಕ್ಷರ, ಸಾಲು ಕೆಡಲಿಲ್ಲ. ಏಳು ವರ್ಷದಿಂದ ಜಾಡಿಯಲ್ಲಿ ಇಟ್ಟದ್ದು. ಬೇಡಿದವರಿಗೆಲ್ಲ ಕೊಟ್ಟದ್ದು. ಏನು ಕಾಯಿಲೆ ಎಂದು ಕೇಳುವ ರೂಢಿ ಇಲ್ಲದ್ದು. ಹೊಲಿಗೆ ವಿಭಾಗದ ಇಬ್ಬರು ಹೆಂಗಸರು, ಲಾರಿಯ ಡ್ರೈವರು, ರಾತ್ರಿ ಪಾಳಿಯ ಕಾವಲುಗಾರ. ಪೆನ್ನು ನಿಂತಿತು.

"ಇನ್ನೊಬ್ಬ," ಅಂದಳು ಅಕ್ಕ. "ಸುರುಳಿ ಹೊರುವವನು. ಬೆನ್ನುನೋವು."

ಅವನು ತಲೆಯೆತ್ತಲಿಲ್ಲ. ಕತ್ತಿನ ಹಿಂದೆ ಬೆವರು ಒಡೆಯಿತು. "ನೀವ್ಯಾರು?"

"ಬರೀರಿ. ಎಂಟು ಮೂವತ್ತೈದಾಯ್ತು."

ಬರೆದ. ಇಪ್ಪತ್ತು ದಿನಕ್ಕಿಂತ ಹೆಚ್ಚು ಕೊಟ್ಟಿದ್ದೇನೆ. ವಿಚಾರಣೆಯಲ್ಲಿ ಕೊಟ್ಟಿಲ್ಲ ಎಂದದ್ದು ಮ್ಯಾನೇಜರು ಹಾಗೆ ಬರೆ ಎಂದದ್ದಕ್ಕೆ. ಆಮೇಲೆ ಉಸಿರು ಎಳೆದುಕೊಂಡು ಇನ್ನೊಂದು ಸಾಲು ಸೇರಿಸಿ, ಸಹಿ ಹಾಕಿ, ತಾರೀಖು ಬರೆದು, ಹಾಳೆಯನ್ನು ಅವಳ ಕಡೆ ತಿರುಗಿಸಿದ.

ಕೊನೆಯ ಸಾಲು ಹೀಗಿತ್ತು: ನಾನು ಗುಲಾಬಿ ಮಾತ್ರೆ ತಿನ್ನುತ್ತಿರುವುದನ್ನು ಮಾರ್ಚ್ ಹನ್ನೊಂದರಂದು ಮತ್ತು ಇಪ್ಪತ್ತೈದರಂದು ಇಲ್ಲಿ ರಕ್ತ ತೆಗೆದವರಿಗೆ ಬಾಯಿಮಾತಿನಲ್ಲಿ ಹೇಳಿದ್ದೇನೆ.

ಅವಳು ಅದನ್ನು ಎರಡು ಸಲ ಓದಿದಳು.

"ಒಂದೂ ಬಿಡಬೇಡಿ ಅಂದ್ರಲ್ಲ," ಅಂದ ಅವನು. ದನಿಯಲ್ಲಿ ಕುಹಕವಿರಲಿಲ್ಲ. ಅವನು ನಿಜಕ್ಕೂ ಚಿಕಿತ್ಸೆಗೆ ಬೇಕಾದೀತೆಂದು ಬರೆದಿದ್ದ.

ಅಕ್ಕ ಮಾಸ್ಕು ಕೆಳಗಿಳಿಸಿದಳು. "ಆ ಬೆನ್ನುನೋವಿನವನು ನನ್ನ ತಮ್ಮ. ಅವನ ಹೊಟ್ಟೇಲಿದ್ದ ಕಿಡ್ನಿ ನಂದು. ಎರಡು ಸಲ ನೀವು ಹೇಳಿದ್ದನ್ನ ನಾನು ಬರೀಲಿಲ್ಲ. ಬೇಕಂತಲೇ ಬರೀಲಿಲ್ಲ. ನೀವು ತಿಂತಾ ಇರಲಿ ಅಂತ."

ಅವನ ಬಾಯಿ ತೆರೆಯಿತು. ಹುಣ್ಣಿನ ನೋವಿಗೆ ಮತ್ತೆ ಮುಚ್ಚಿಕೊಂಡಿತು. ಅಂಗೈಯಿಂದ ತುಟಿ ಒತ್ತಿ ಹಿಡಿದು, "ನಾನೂ ಅದನ್ನೇ ತಿಂತಿದ್ದೆ. ಕೆಟ್ಟದ್ದು ಅಂತ ಗೊತ್ತಿದ್ರೆ ನಾನ್ಯಾಕೆ ತಿಂತಿದ್ದೆ ಹೇಳಿ?" ಅಂದ.

"ಕೊಟ್ಟಾಗ ಗೊತ್ತಿರಲಿಲ್ಲ. ಸರಿ. ಕೊಟ್ಟಿಲ್ಲ ಅಂತ ಬರೆದಾಗ?"

ಅವನು ಪೆನ್ನು ಕೆಳಗಿಟ್ಟ. ಹಾಳೆಯ ಮೇಲೆ ಕೈ ಇಟ್ಟ. "ನೋಡಿ ತಾಯಿ. ಈ ಕಾಗದ ಹೊರಗೆ ಹೋದ್ರೆ ನಾನು ಹೋದೆ. ಆದ್ರೆ ನೀವೂ ಹೋದ್ರಿ. ಹರಿದು ಹಾಕೋಣ. ಡಾಕ್ಟರಿಗೆ ನಾನೇ ಬಾಯಲ್ಲಿ ಹೇಳ್ಕೋತೀನಿ. ನೀವು ಬರೀಲಿಲ್ಲ ಅಂತ ನಾನು ಎಲ್ಲೂ ಬಾಯಿ ಬಿಡಲ್ಲ. ಇಬ್ರಿಗೂ ಒಳ್ಳೇದು."

ಹರಿಯುವುದು ಎರಡು ಸೆಕೆಂಡಿನ ಕೆಲಸ. ಹದಿನಾರು ವರ್ಷದ ಕೆಲಸ ಉಳಿಯುತ್ತಿತ್ತು. ತಮ್ಮನ ವಾರಕ್ಕೆ ಮೂರು ದಿನದ ಡಯಾಲಿಸಿಸ್ಸಿಗೆ ದುಡ್ಡು ಹೊಂದಿಸುವ ಮನೆಗೆ ಆ ಕೆಲಸವೇ ಕಂಬ. ಅವಳು ಅವನ ಕೈಯ ಕೆಳಗಿಂದ ಹಾಳೆಯನ್ನು ಎಳೆದುಕೊಂಡಳು.

"ಕೊಡೋಕೆ ನನ್ನ ಹತ್ರ ಇನ್ನೊಂದು ಕಿಡ್ನಿ ಇಲ್ಲ," ಅಂದಳು. "ಕೆಲಸ ಒಂದಿದೆ. ಇಬ್ರೂ ಹೋಗೋಣ ಬನ್ನಿ."

"ಹಾಗಾದ್ರೆ ಫೋನ್?" ಅವನು ಎದ್ದು ಮತ್ತೆ ಕೂತ. "ಫೋನಾದ್ರೂ ಮಾಡಿ."

ಅವಳು ಹಾಳೆಯನ್ನು ಮಡಿಸಿ ಕೋಟಿನ ಜೇಬಿಗಿಟ್ಟಳು. ಒಂಬತ್ತಾಗುವವರೆಗೂ ಸುಮ್ಮನಿದ್ದಳು. ಆಗಲೇ ಫೋನ್ ಮಾಡಿದ್ದೇನೆಂದು ಹೇಳಿದ್ದರೆ ಆ ಹದಿನೆಂಟು ನಿಮಿಷದ ಭಯ ಅವನಿಗೆ ತಪ್ಪುತ್ತಿತ್ತು. ಅದನ್ನು ಅವಳು ತಪ್ಪಿಸಲಿಲ್ಲ. ಕುರ್ಚಿಯ ತೋಳು ಹಿಡಿದು ಬಾಗಿಲು, ಗಡಿಯಾರ, ಮತ್ತೆ ಬಾಗಿಲು ನೋಡುತ್ತಿದ್ದವನನ್ನು ಕಣ್ಣು ತುಂಬ ನೋಡಿದಳು. ಗಾಡಿ ಬಂತು. ಹತ್ತಿಸುವಾಗ ಅವನ ಮೊಣಕೈ ಹಿಡಿದು ಆಸರೆ ಕೊಟ್ಟವಳೂ ಅವಳೇ.

ಆಮೇಲೆ ಹಾಳೆಯನ್ನೂ ಹಿಂದಿನ ಎರಡು ಅರ್ಜಿಗಳನ್ನೂ ದೊಡ್ಡ ಮೇಡಂ ಮೇಜಿನ ಮೇಲೆ ಇಟ್ಟಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಈ 'ಇಲ್ಲ' ನಿನ್ನ ಅಕ್ಷರ."

"ಹೌದು."

"ಮರೆತು ಬರೆದೆ ಅನ್ನು. ಒಂದೇ ಒಂದು ಸಲ ಅನ್ನು."

"ಮರೀಲಿಲ್ಲ, ಮೇಡಂ."

ಮೇಡಂ ಕಿಟಕಿಯ ಕಡೆ ತಿರುಗಿದರು. "ಬೇರೆ ಯಾರಾದ್ರೂ ಆಗಿದ್ರೆ ಮರೆತ್ರು ಅಂತ ನಂಬಿರ್ತಿದ್ದೆ. ಪಾಯಿಂಟು ಬಿಟ್ಟಿದ್ದಕ್ಕೆ ನನ್ನ ಮೇಲೇ ಮುನಿಸಿಕೊಂಡವಳು ನೀನು." ಅರ್ಜಿಗಳನ್ನು ಮಗುಚಿಟ್ಟು, "ಕೋಟು ಬಿಚ್ಚಿಡು," ಅಂದರು. ಪರವಾನಗಿ ಮಂಡಳಿಗೆ ಅವರೇ ಪತ್ರ ಬರೆದರು. ಹಾಳೆಯ ಪ್ರತಿಯನ್ನು ಕಾರ್ಖಾನೆಯ ತನಿಖಾಧಿಕಾರಿಗೆ ಕಳಿಸಿದವರೂ ಅವರೇ.

ಮುಚ್ಚಿದ ಕಡತ ಏಪ್ರಿಲ್ ಕೊನೆಗೆ ತೆರೆಯಿತು. ವಿಚಾರಣೆಯ ದಿನ ಅಕ್ಕ ಈ ಸಲ ಒಳಗೆ, ಮುಂದಿನ ಸಾಲಿನಲ್ಲಿ ಕೂತಳು. ಜಾಡಿ ಡಾಕ್ಟ್ರು ಆಸ್ಪತ್ರೆಯಿಂದ ಹೊರಬಂದು ಎರಡು ವಾರವಾಗಿತ್ತು. ಅಂಗಿ ಸಡಿಲವಾಗಿ ಜೋತಿತ್ತು. ಹೊಲಿಗೆಯವರು, ಸುರುಳಿ ಹೊರುವವರು, ಎಲ್ಲರೂ ಗೋಡೆಗಂಟಿ ನಿಂತಿದ್ದರು. ಮ್ಯಾನೇಜರು ತನ್ನ ಬೂಟಿನ ತುದಿ ನೋಡುತ್ತಿದ್ದ.

"ಕೊಟ್ಟಿದ್ದೇನೆ," ಅಂದ ಜಾಡಿ ಡಾಕ್ಟ್ರು.

"ಜೋರಾಗಿ," ಅಂದರು ತನಿಖಾಧಿಕಾರಿ.

"ಕೊಟ್ಟಿದ್ದೇನೆ."

ಗೋಡೆಯ ಬಳಿಯಿಂದ ಯಾರೋ ಕೇಳಿಸಲಿಲ್ಲ ಅಂದರು. ಅವನು ಮೂರನೆಯ ಸಲ ಹೇಳಿದ. ಮೊದಲನೆಯ ಸಲ ಅಕ್ಕನ ಹೊಟ್ಟೆ ತಣ್ಣಗಾಯಿತು. ಎರಡನೆಯ ಸಲವೂ ಆಯಿತು. ಮೂರನೆಯ ಸಲಕ್ಕೆ, ನಾಲ್ಕನೆಯ ಸಲ ಹೇಳಿಸಬಾರದೇ ಅನ್ನಿಸಿತು. ಆಸೆ ತೀರುವ ಬಗೆ ಇದಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಗೊತ್ತಾದರೂ ಆಸೆ ಹಾಗೇ ಉಳಿಯಿತು.

ಅಲ್ಲಿಂದ ಅವಳು ಡಯಾಲಿಸಿಸ್ ಘಟಕಕ್ಕೆ ನಡೆದೇ ಹೋದಳು. ತಮ್ಮನಿಗೆ ಒಂದೊಂದು ಮಾತನ್ನೂ ಹೇಳಿದಳು. ಮ್ಯಾನೇಜರ ಬೂಟು ಸಹ ಬಿಡಲಿಲ್ಲ. ತಮ್ಮ ಕಣ್ಣು ಮುಚ್ಚಿ ಕೇಳಿದ. ಮುಖದ ಮೇಲೆ ನಗು ಇತ್ತು.

"ಇನ್ನೊಂದ್ಸಲ ಹೇಳು. ಹೇಗೆ ಅಂದ?"

ಅವನ ದನಿಯನ್ನೇ ಅಣಕಿಸಿ ಹೇಳಿದಳು. ತಮ್ಮ ಜೋರಾಗಿ ನಕ್ಕ. ನರ್ಸು ತಿರುಗಿ, "ಕೈ ಅಲ್ಲಾಡಿಸಬೇಡಿ, ಸೂಜಿ ಇದೆ," ಅಂತ ಗದರಿದಳು.

ನಗು ಇಳಿದ ಮೇಲೆ ಕೇಳಿದ: "ಈಗ ಹೇಗಿದಾನೆ?"

"ವಾಸಿಯಾಗಿದೆ. ಬಿಳಿ ಕಣ ಪೂರ್ತಿ ಬಂದಿದೆ. ಕ್ರಿಯಾಟಿನೈನೂ ಇಳಿದಿದೆ, ಡಾಕ್ಟರು ಹೇಳಿದ್ರು. ಸಮಯಕ್ಕೆ ಸಿಕ್ತಂತೆ."

"ಉಳ್ಕೊಂಡನಾ."

"ಉಳ್ಕೊಂಡ."

ತಮ್ಮ ಕಿಟಕಿ ಪಕ್ಕದ ಕುರ್ಚಿಯ ಕಡೆ ನೋಡಲಿಲ್ಲ. ಅಲ್ಲಿ ಯಾರೋ ಹೊಸಬರು, ಒಬ್ಬ ಶಾಲೆಯ ಮೇಷ್ಟ್ರು, ಬಂದು ಕೂತಿದ್ದರು. "ಮತ್ತೆ ನಿನ್ನ ಕೆಲಸ?"

"ಮಂಡಳಿ ಇನ್ನೂ ಹೇಳಿಲ್ಲ. ಹೋಗುತ್ತೆ."

"ಅಷ್ಟು ಬೆಲೆ ಬಾಳ್ತಿತ್ತೇನೇ?"

ಅವಳು ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸ ಮುಗಿದಿತ್ತು. "ಬಾಳ್ತಿತ್ತು," ಅಂದಳು. "ಸಾಲಲಿಲ್ಲ, ಅಷ್ಟೆ."

ಐದು ಗಂಟೆಗೆ ಯಂತ್ರ ಸದ್ದು ಮಾಡಿತು. ನರ್ಸು ಬಂದು ಸೂಜಿ ತೆಗೆದು ಪಟ್ಟಿ ಬಿಗಿದಳು. ಪರದೆ ನೋಡಿ ಹಾಳೆಯಲ್ಲಿ ಬರೆಯಲು ಹೊರಟವಳು ಎರಡೂವರೆ ಅಂದಳು. ಅಕ್ಕ ಎದ್ದು ಪರದೆಯ ಹತ್ತಿರ ಹೋಗಿ ನೋಡಿ ಅದನ್ನು ತಿದ್ದಿಸಿದಳು. ಆ ದಿನ ಯಂತ್ರ ತಮ್ಮನ ಮೈಯಿಂದ ತೆಗೆದ ನೀರು ಎರಡು ಪಾಯಿಂಟ್ ನಾಲ್ಕು ಲೀಟರ್.